ತಿದಿಯೊಳಗಿನ ಗಾಳಿ
(ಖಾನಾಪುರದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನಾನು ಬೆಳಗಾವಿಯಲ್ಲಿ ಎದೆರೋಗದ ವೈದ್ಯ. ಕಾಯಕದ ಬಗ್ಗೆ ಇಲ್ಲಿ ಬಹಳ ಕೇಳಿದ್ದೀರಿ. ನಾನು ಕಾಯಕ ಮಾಡುವವರ ಉಸಿರಿನ ಲೆಕ್ಕ ಹೇಳುತ್ತೇನೆ.

ಕಮ್ಮಾರನ ತಿದಿ ಹಿಗ್ಗಿದಾಗ ಗಾಳಿ ತಾನಾಗಿ ಒಳಗೆ ಬರುತ್ತದೆ. ಎದೆಯೂ ಹಾಗೆಯೇ. ಶ್ವಾಸಕೋಶಕ್ಕೆ ತನ್ನನ್ನು ಹಿಗ್ಗಿಸಿಕೊಳ್ಳುವ ಸ್ನಾಯು ಇಲ್ಲ. ಎದೆ, ಹೊಟ್ಟೆಗಳ ನಡುವಿನ ವಪೆ ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಮೇಲೇಳುತ್ತವೆ, ಜಾಗವಾಗುತ್ತದೆ, ಗಾಳಿ ನುಗ್ಗುತ್ತದೆ. ಬಿಡುವಾಗ ಎಳೆದ ರಬ್ಬರಿನಂತೆ ತಾನೇ ಕುಗ್ಗುತ್ತದೆ.

ಸುಮ್ಮನೆ ಕುಳಿತಾಗ ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಸಾಕು. ಆದರೆ ಆರೋಗ್ಯವಂತ ಗಂಡಾಳಿನ ಎದೆ ಪೂರ್ತಿ ತುಂಬಿದರೆ ಸುಮಾರು 6 ಲೀಟರ್. ಎಷ್ಟೇ ಊದಿದರೂ 1 ಲೀಟರಿಗೆ ಮಿಕ್ಕಿ ಒಳಗೇ ಉಳಿಯುತ್ತದೆ. ಮಿಕ್ಕ ನಾಲ್ಕೂವರೆ ಲೀಟರಿನಷ್ಟು ನಮ್ಮ ಗಂಟು. ಓಡುವಾಗ, ಭಾರ ಹೊರುವಾಗ ಬಿಚ್ಚುತ್ತೇವೆ.

ಮೋಸ ಇರುವುದು ಇಲ್ಲೇ. ಗಂಟು ಅರ್ಧ ಕರಗಿದರೂ ಕುಳಿತವನಿಗೆ ಗೊತ್ತಾಗದು. ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳಿಗೆ ಈ ಕಡೆಯಿಂದಲೂ ಜನ ಕೆಲಸಕ್ಕೆ ಹೋಗುತ್ತಾರೆ. ಅಚ್ಚಿನ ಮರಳು ಒಡೆದು ಕೊಡವುವವರು, ಎರಕ ಉಜ್ಜುವವರು ನನ್ನ ಬಳಿ ಬರುವುದು ಮೆಟ್ಟಿಲು ಹತ್ತಲಾಗದ ಮೇಲೆ. "ಡಾಕ್ಟರ್ರೀ, ಮೊನ್ನಿಮಟಾ ಆರಾಮ ಇದ್ನಿರಿ" ಅನ್ನುತ್ತಾರೆ. ಆರಾಮ ಎಲ್ಲಿತ್ತು? ಗಂಟು ಇತ್ತು, ಅಷ್ಟೇ. ಕಣ್ಣಿಗೆ ಕಾಣದ ಸಿಲಿಕಾ ಧೂಳು ಗಾಳಿಗೂಡುಗಳಲ್ಲಿ ಕುಳಿತು ಗಾಯದ ಕಲೆ ಕಟ್ಟುತ್ತದೆ. ತಿದಿಯ ಚರ್ಮ ಬಿರುಸಾಗುತ್ತದೆ. ಇದೇ ಸಿಲಿಕೋಸಿಸ್. ಆ ಕಲೆ ಕರಗಿಸುವ ಔಷಧಿ ಇಲ್ಲ. ಕ್ಷಯ ಅಂಟುವ ಭಯವೂ ಹೆಚ್ಚು. 1948ರ ಕಾರ್ಖಾನೆ ಕಾಯ್ದೆಯೇ ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಕಾಡಂಚಿನ ಊರುಗಳ ತಾಯಂದಿರದು ಇನ್ನೊಂದು ಬಗೆ. ಕಟ್ಟಿಗೆ ಒಲೆಯ ಹೊಗೆಯಿಂದ ದಾರಿ ಇಕ್ಕಟ್ಟಾಗಿ, ಹೋದ ಗಾಳಿ ಪೂರ್ತಿ ಹೊರಬರುವುದಿಲ್ಲ. ಹಳೆಯ ಗಾಳಿ ಉಳಿದಷ್ಟೂ ಹೊಸ ಉಸಿರಿಗೆ ಜಾಗವಿಲ್ಲ.

ಇದನ್ನು ಅಳೆಯುವುದು ಸ್ಪೈರೋಮೀಟರ್. ಲಂಡನ್ನಿನಲ್ಲಿ ವೈದ್ಯ ಜಾನ್ ಹಚಿನ್ಸನ್ 2,000ಕ್ಕೂ ಹೆಚ್ಚು ಜನರನ್ನು ಊದಿಸಿ ಲೆಕ್ಕ ಪ್ರಕಟಿಸಿದ್ದು 1846ರಲ್ಲಿ. ಪೂರ್ತಿ ಎಳೆದು ಜೋರಾಗಿ ಊದಬೇಕು. ಸಾಮಾನ್ಯವಾಗಿ ಒಟ್ಟು ಅಳತೆಯೇ ತಗ್ಗಿದ್ದರೆ ತಿದಿ ಬಿರುಸು. ಮೊದಲ ಸೆಕೆಂಡಿನ ಪಾಲು ತಗ್ಗಿದ್ದರೆ ದಾರಿ ಇಕ್ಕಟ್ಟು. ಕೆಲಸಕ್ಕೆ ಸೇರುವಾಗಲೇ ಒಮ್ಮೆ ಊದಿ ಚೀಟಿ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಹೋಲಿಸಿ, ಎದೆಯ ಎಕ್ಸ್‌ರೇಯನ್ನೂ ಮಾಡಿಸಿ. ಬಾಯಿಗೆ ಕಟ್ಟಿದ ವಸ್ತ್ರ ಈ ಧೂಳಿಗೆ ಸಾಲದು. ಧೂಳು ಏಳದಂತೆ ನೀರು, ಎದ್ದದ್ದನ್ನು ಹೀರುವ ಯಂತ್ರ, ಇವು ಮಾಲೀಕರ ಹೊಣೆ. ಕೇಳಿ ಪಡೆಯಿರಿ.

ಹೊರಗಿನ ಮೇಜಿನ ಮೇಲೆ ಯಂತ್ರ ಇಟ್ಟಿದ್ದೇನೆ. ಪ್ರಸಾದಕ್ಕೆ ಮೊದಲೇ ಬನ್ನಿ. ಹೊಟ್ಟೆ ತುಂಬಿದ್ದರೆ ವಪೆ ಸರಿಯಾಗಿ ಇಳಿಯುವುದಿಲ್ಲ.