ಗೇರು ಸುಗ್ಗಿಯ ಜ್ವರ



ಗೋವಾ ಗಡಿಭಾಗದ ಆರೋಗ್ಯದ ಬಗ್ಗೆ ಮಾತಾಡಿ ಎಂದು ಈ ಸಭೆ ಕರೆದ ಸಂಘದವರು ಕೇಳಿದರು. ಒಂದೇ ಜ್ವರದ ಬಗ್ಗೆ ಮಾತಾಡುತ್ತೇನೆ ಎಂದೆ, ಒಪ್ಪಿದರು. ಅದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದು, ಸುತ್ತಲಿನ ಜನ ಜ್ವರದಿಂದ ಮಲಗಿದ್ದು, ಪುಣೆಯ ವಿಜ್ಞಾನಿಗಳು ಬಂದು ಹೊಸ ವೈರಸ್ ಪತ್ತೆಮಾಡಿದ್ದು, ಉಣುಗು ಕಚ್ಚಿ ಅದು ಮನುಷ್ಯರಿಗೆ ಬರುತ್ತದೆಂದು ತಿಳಿದದ್ದು, ಇಷ್ಟನ್ನು ನೀವೆಲ್ಲ ಬಲ್ಲಿರಿ. ನನಗೆ ಬೇಕಾದದ್ದು ಅಲ್ಲಿಂದ ಆರು ದಶಕ ಈಚಿನ ಸಂಗತಿ.

2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಈ ಜ್ವರ ಕಾಣಿಸಿತು. ಮರುವರ್ಷದ ಬೇಸಗೆಯಲ್ಲಿ ಗೋವಾದ ಗೇರುತೋಟಗಳಿಗೆ ದುಡಿಯಲು ಹೋಗಿದ್ದ ನಮ್ಮ ಬೆಳಗಾವಿ ಜಿಲ್ಲೆಯ ಕೂಲಿಕಾರರು ಜ್ವರ ಹೊತ್ತು ಊರಿಗೆ ಮರಳಿದರು. ಪರೀಕ್ಷೆ ಮಾಡಿದಾಗ ಅದೂ ಮಂಗನ ಕಾಯಿಲೆಯೇ.

ಗೇರು ಸುಗ್ಗಿ ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹಣ್ಣು ಮಾಗಿ ತಾನೇ ಉದುರಬೇಕು. ಉದುರಿದ್ದನ್ನು ತರಗೆಲೆಯೊಳಗೆ ಕೈಯಾಡಿಸಿ ಹುಡುಕಬೇಕು, ಬೀಜವನ್ನು ತಿರುಚಿ ಹಣ್ಣಿನಿಂದ ಬಿಡಿಸಿ ಬುಟ್ಟಿಗೆ ಹಾಕಬೇಕು. ಬಿಸಿಲೇರಿದಾಗ ಅದೇ ತರಗೆಲೆಯ ಮೇಲೆ ಕೂತು ಬುತ್ತಿ ಬಿಚ್ಚಬೇಕು. ಉಣುಗಿನ ಮರಿಗಳಿರುವುದೂ ಆ ತರಗೆಲೆಯಲ್ಲೇ. ಗೇರು ಸುಗ್ಗಿ ಫೆಬ್ರುವರಿಯಿಂದ ಮೇವರೆಗೆ. ಜ್ವರ ಏರುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ.

ಈಗ ನನ್ನ ತಕರಾರಿಗೆ ಬರುತ್ತೇನೆ. ಜ್ವರದ ಮೇಲೆ ಎಲ್ಲಿ ಸಭೆ ನಡೆದರೂ ಒಂದು ಮಾತು ಕೇಳಿಬರುತ್ತದೆ: ಜನ ತಡಮಾಡಿ ಬರುತ್ತಾರೆ, ತಿಳಿವಳಿಕೆ ಸಾಲದು, ಹರಕೆ ಹೊತ್ತು ದಾರ ಕಟ್ಟಿಸಿಕೊಂಡು ಕೂರುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ದಾರ ಕಟ್ಟಿಸಿಕೊಂಡವರನ್ನು ನಾನೂ ಬೇಕಾದಷ್ಟು ಕಂಡಿದ್ದೇನೆ. ಅವರೆಲ್ಲ ಮುಂಗೈಗೆ ದಾರ ಕಟ್ಟಿಕೊಂಡೇ ಚಿಕಿತ್ಸೆಗೆಂದು ನನ್ನೆದುರು ಕೂತಿದ್ದರು. ಅಮ್ಮನವರಿಗೆ ಹರಕೆ ಹೊರುವುದಕ್ಕೂ ಡಾಕ್ಟರ ಹತ್ತಿರ ಬರುವುದಕ್ಕೂ ಅವರ ಮನಸ್ಸಿನಲ್ಲಿ ಜಗಳವೇ ಇಲ್ಲ. ಅವರನ್ನು ತಡೆಯುವುದು ಬೇರೆಯೇ.

ಸತ್ತರಿಯ ತೋಟದಲ್ಲಿ ಒಬ್ಬ ಹೆಣ್ಣುಮಗಳಿಗೆ ಜ್ವರ ಬಂತೆನ್ನಿ. ಹತ್ತಿರದ ಆಸ್ಪತ್ರೆ ವಾಲ್ಪೊಯ್‌ನಲ್ಲಿದೆ. ಅವಳು ಅಲ್ಲಿಗೆ ಹೋಗದೆ ಚೋರ್ಲಾ ಘಾಟ್ ಹತ್ತಿ, ಕಣಕುಂಬಿ, ಜಾಂಬೋಟಿ ದಾಟಿ ಊರು ಸೇರುತ್ತಾಳೆ. ಕಾಗದದ ಮೇಲೆ ಇದು ದಡ್ಡತನ. ಅವಳ ಲೆಕ್ಕ ಕೇಳಿ. ಬಿದ್ದ ಬೀಜ ನಾಳೆಗೆ ಕಾಯುವುದಿಲ್ಲ, ಮಲಗಿದ ದಿನಕ್ಕೆ ಕೂಲಿಯಿಲ್ಲ. ಮೇಸ್ತ್ರಿಯ ಕೈಯಿಂದ ಮುಂಗಡ ತೆಗೆದುಕೊಂಡಿದ್ದರೆ ಹೊರಡುತ್ತೇನೆ ಎನ್ನಲೂ ಬಾಯಿ ಬಾರದು. ಹೀಗೆ ಮೊದಲೆರಡು ದಿನ ಮೆಡಿಕಲ್ ಶಾಪಿನ ಗುಳಿಗೆಯಲ್ಲಿ ಕಳೆಯುತ್ತವೆ. ಏಳಲಾಗದೆ ಹೋದಾಗ ಬೇಕಾಗುವುದು ಗಂಜಿ ಕಾಯಿಸಿ ಕೊಡುವ ಕೈ. ಅದು ಊರಲ್ಲಿದೆ. ರೇಷನ್ ಕಾರ್ಡು ಊರಲ್ಲಿದೆ, ಗುರುತಿನ ಆಶಾ ಕಾರ್ಯಕರ್ತೆ ಊರಲ್ಲಿದ್ದಾಳೆ. ಸಂಕಟ ಹೇಳಿಕೊಳ್ಳಲು ಬೇಕಾದ ಭಾಷೆಯೂ ಊರಿನದೇ. ಮೇಲಾಗಿ 2018ರಿಂದ ಗೋವಾದ ಬಾಂಬೋಲಿಯಲ್ಲಿರುವ ದೊಡ್ಡಾಸ್ಪತ್ರೆ ಹೊರರಾಜ್ಯದವರಿಗೆ ಶುಲ್ಕ ಹಾಕತೊಡಗಿತು. ಆ ಸುದ್ದಿ ಕೂಲಿಕಾರರ ಬಿಡಾರಕ್ಕೆ ಯಾವ ಆರೋಗ್ಯ ಸಂದೇಶಕ್ಕಿಂತಲೂ ಬೇಗ ಮುಟ್ಟುತ್ತದೆ.

ಇನ್ನೊಂದು ಕಷ್ಟವಿದೆ, ಇದು ವೈದ್ಯರಾದ ನಮಗೆ ಸಂಬಂಧಿಸಿದ್ದು. ಈ ವೈರಸ್ಸನ್ನೇ ಕೊಲ್ಲುವ ಔಷಧಿ ನಮ್ಮಲ್ಲಿಲ್ಲ. ಇದ್ದ ಲಸಿಕೆಯೂ ಪರಿಣಾಮ ಸಾಲದೆಂದು 2022ರಲ್ಲಿ ನಿಂತಿತು. ಆಸ್ಪತ್ರೆಯಲ್ಲಿ ಕೊಡುವುದು ಪ್ಯಾರಾಸಿಟಮಾಲ್, ಅಂಗಡಿಯಲ್ಲಿ ಕೊಡುವುದೂ ಅದೇ. ಹಾಗಿದ್ದ ಮೇಲೆ ಘಾಟ್ ಹತ್ತಿ ಬಂದು ಏನು ಸಿಕ್ಕಿತು ಎಂದು ರೋಗಿ ಕೇಳಿದರೆ ನಾವು ಬಿಡಿಸಿ ಹೇಳಬೇಕು: ನಿಮ್ಮ ಒಸಡಿನಲ್ಲಿ, ಮೂಗಿನಲ್ಲಿ ರಕ್ತ ಬರುತ್ತದೆಯೇ ಎಂದು ನೋಡುತ್ತಿರುತ್ತೇವೆ, ಬಿ.ಪಿ. ಇಳಿದರೆ ಡ್ರಿಪ್ ಹಾಕುತ್ತೇವೆ, ಪ್ಲೇಟ್‌ಲೆಟ್ ಎಣಿಸುತ್ತೇವೆ. ಮೈನೋವಿಗೆಂದು ಅಂಗಡಿಯವರು ಕೊಡುವ ಬೇರೆ ನೋವಿನ ಗುಳಿಗೆಗಳು ರಕ್ತಸ್ರಾವವನ್ನು ಹೆಚ್ಚಿಸಬಹುದು ಎಂದೂ ಹೇಳಬೇಕು. ಜ್ವರ ಬಿಟ್ಟಿತೆಂದು ತೋಟಕ್ಕೆ ಮರಳಿದವರಲ್ಲಿ ಕೆಲವರಿಗೆ ವಾರ, ಎರಡು ವಾರ ಬಿಟ್ಟು ಮತ್ತೆ ಜ್ವರ ಬರುತ್ತದೆ. ಆಗ ತಲೆನೋವು, ಕೈನಡುಕ ಜೊತೆಗಿರುತ್ತವೆ. ಇದನ್ನು ಮೊದಲ ಭೇಟಿಯಲ್ಲೇ ಹೇಳದೆ ಕಳಿಸಿದರೆ ಆಮೇಲಿನ ತಡ ಯಾರದು?

ನಾವು ಹೇಳದೆ ಬಿಡುವುದಷ್ಟೇ ಅಲ್ಲ, ಕೇಳದೆ ಬಿಡುವುದೂ ಇದೆ. ಇಲ್ಲಿ ನಮಗೆ ವೈದ್ಯಪಾಠ ಹೇಳಿದ ಮೇಷ್ಟ್ರನ್ನು ನೆನೆಯಬೇಕು. ಮಲೆನಾಡಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದ ಚಳಿಜ್ವರದ ಕಾಲ ಕಂಡವರು ಅವರು. ಅಂಗಿಯ ಜೇಬಿನಲ್ಲಿ ಒಂದು ಜಿಲ್ಲಾ ನಕ್ಷೆ ಮಡಿಚಿ ಇಟ್ಟುಕೊಂಡಿರುತ್ತಿದ್ದರು, ಮಡಿಕೆಗಳು ಹರಿದು ಅಂಟುಪಟ್ಟಿ ಹಚ್ಚಿದ್ದು. ವಾರ್ಡಿನಲ್ಲಿ ನಾವು ಜ್ವರ ಎಷ್ಟು ಡಿಗ್ರಿ ಎಂದು ಶುರುಮಾಡಿದರೆ ಕೈ ಎತ್ತಿ ನಿಲ್ಲಿಸುತ್ತಿದ್ದರು. "ಇವರು ಹೋದ ವಾರ ಎಲ್ಲಿದ್ದರು? ಕೇಳಿಕೊಂಡು ಬಾ, ಹೋಗು" ಎನ್ನುತ್ತಿದ್ದರು. ಕೇಳಿಕೊಂಡು ಬಂದ ಊರನ್ನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸುವವರೆಗೆ ಪಾಠ ಮುಂದೆ ಹೋಗುತ್ತಿರಲಿಲ್ಲ.

ನನ್ನ ಇಡೀ ವಾದ ನಿಂತಿರುವುದು ಆ ಪ್ರಶ್ನೆಯ ಮೇಲೆ. ಓಪಿಡಿ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಬರೆಯುತ್ತೇವೆ. ದುಡಿದ ಜಾಗ ಬರೆಯುವುದಿಲ್ಲ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಕಾಣಿಸುತ್ತದೆ. ಅಷ್ಟರಲ್ಲಿ ಮನುಷ್ಯ ರಾಜ್ಯ ದಾಟಿರಬಹುದು. ಹಾಗಾಗಿ ಗೋವಾದ ತೋಟದಲ್ಲಿ ಹತ್ತಿದ ಜ್ವರ ನಮ್ಮ ಜಿಲ್ಲೆಯ ಖಾನಾಪುರದ ಹೆಸರಿಗೆ ದಾಖಲಾಗುತ್ತದೆ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಚೀಟಿಯಲ್ಲಿದ್ದ ಊರಿಗೆ ಹೋಗುತ್ತದೆ, ಉಣುಗು ಮಾತ್ರ ಘಾಟಿನ ಕೆಳಗೆ ತೋಟದಲ್ಲೇ ಉಳಿಯುತ್ತದೆ. ಚೀಟಿಗೆ ಒಂದು ಸಾಲು ಸೇರಿಸಿ ಎಂದು ನಾನು ಹೇಳುತ್ತಲೇ ಬಂದಿದ್ದೇನೆ.

ಆದರೆ ಆ ಸಾಲು ಬರೆದ ಮೇಲೆ ಏನಾಗುತ್ತದೆ? ಇಂಥದ್ದೇ ಒಂದು ಏರ್ಪಾಡನ್ನು ನೋಡಿ. ಕಟ್ಟಡ ಕೆಲಸಕ್ಕೆ ಬರುವ ಹೊರಗಿನ ಕೂಲಿಕಾರರಿಗೆ ಗೋವಾದಲ್ಲಿ ಮಲೇರಿಯಾ ತಪಾಸಣೆಯ ಹೆಲ್ತ್ ಕಾರ್ಡ್ ಇದೆ. ಅದರಿಂದ ರೋಗ ಬೇಗ ಸಿಕ್ಕುತ್ತದೆ, ಒಳ್ಳೆಯದೇ. ಜೊತೆಗೆ ರೋಗ ತರುವವರು ಇವರೇ ಎಂಬ ಮಾತಿಗೂ ಬಲ ಬರುತ್ತದಲ್ಲವೇ? ನಾಳೆ ಗೇರುತೋಟದವರಿಗೂ ಕಾರ್ಡು ಮಾಡಿಸಿದರೆ, ಹೋದ ವರ್ಷ ಜ್ವರ ಬಂದವಳನ್ನು ಮೇಸ್ತ್ರಿ ಈ ವರ್ಷ ಕರೆಯುತ್ತಾನೆಯೇ? ಕೆಲಸ ಹೋಗುತ್ತದೆಂದು ಆಕೆ ದುಡಿದ ಜಾಗವನ್ನು ಮುಚ್ಚಿಟ್ಟರೆ ತಪ್ಪೆನ್ನಲು ನನಗೆ ಬಾಯಿ ಬರುತ್ತದೆಯೇ? ಎರಡು ರಾಜ್ಯಗಳ ಆರೋಗ್ಯ ಇಲಾಖೆಗಳು ರೋಗಿಗಳು ದುಡಿದ ಜಾಗಗಳ ಪಟ್ಟಿಯನ್ನು ಹೆಸರಿಲ್ಲದೆ ಹಂಚಿಕೊಂಡರೆ ಸಾಕೇ, ಅಥವಾ ಜ್ವರದ ದಿನಗಳ ಕೂಲಿಯನ್ನು ಯಾರಾದರೂ ತುಂಬಿಕೊಡುವವರೆಗೆ ಈ ಮಾತೆಲ್ಲ ವ್ಯರ್ಥವೇ?

ನನಗೆ ಇನ್ನೂ ತೀರ್ಮಾನ ಸಿಕ್ಕಿಲ್ಲ. ಸತ್ತರಿಯ ಕಡೆ ಸುಗ್ಗಿಗೆ ಹೋಗಿ ಬಂದವರು, ಹೋದವರ ಮನೆಯವರು ಈ ಸಭೆಯಲ್ಲಿದ್ದರೆ, ಪ್ರಶ್ನೋತ್ತರದಲ್ಲಿ ದಯವಿಟ್ಟು ಅವರಿಗೆ ಮೊದಲು ಮಾತಾಡಲು ಬಿಡಿ.