ಅರಮನೆ ಹೋಯಿತು, ಹೊಂಡ ಉಳಿಯಿತು



ಚನ್ನಗಿರಿಯಿಂದ ಸಂತೇಬೆನ್ನೂರಿಗೆ 20 ಕಿಲೋಮೀಟರಿನ ಆಸುಪಾಸು. ಬಸ್ಸಿಳಿದು ‘ಪುಷ್ಕರಿಣಿ ಎಲ್ಲಿ?’ ಅಂದೆ. ಅಂಗಡಿಯವರು ಒಂದು ಗಳಿಗೆ ಯೋಚಿಸಿ, ‘ಓ, ಹೊಂಡಾನಾ? ಹಿಂಗೇ ಹೋಗ್ರಿ’ ಅಂದರು. ನನ್ನ ಸಂಸ್ಕೃತ ಅಲ್ಲೇ ಜೇಬಿಗೆ ಹೋಯಿತು. ಪುರಾತತ್ವ ಇಲಾಖೆಯ ಪಟ್ಟಿಯಲ್ಲೂ ಅದು ‘ಮುಸಾಫಿರ್‌ಖಾನಾ ಮತ್ತು ಹೊಂಡ’ವೇ.

ಕಟ್ಟಿಸಿದವನು 16ನೇ ಶತಮಾನದ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ. ಅದೇ ಶತಮಾನದಲ್ಲಿ, 1519ರಲ್ಲಿ, ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸ್ ಶಾಂಬೋರ್‌ನಲ್ಲಿ ದೊಡ್ಡ ಕೋಟೆಮನೆಗೆ ಕೈಹಾಕಿದ. ಬೇಟೆಗೆ ಬಂದಾಗ ತಂಗಲಿಕ್ಕೆ ಅಷ್ಟು ದೊಡ್ಡ ಮನೆ! ಆಳಿದ 32 ವರ್ಷಗಳಲ್ಲಿ ಅವನು ಅಲ್ಲಿ ಇದ್ದದ್ದು ಎಲ್ಲ ಸೇರಿ ಕೆಲವೇ ವಾರ. ಮನೆ ಮಾತ್ರ ಇಂದಿಗೂ ಗಟ್ಟಿಯಾಗಿದೆ. ನಮ್ಮ ನಾಯಕನೂ ಅರಮನೆ ಕಟ್ಟಿಸಿದ್ದನಂತೆ. ಅದಿಲ್ಲ. ರಂಗನಾಥನ ಗುಡಿಯೂ ಇಲ್ಲ. ದೇವರ ವಸಂತೋತ್ಸವಕ್ಕೆ ತೋಡಿಸಿದ ಹೊಂಡವೊಂದು ಉಳಿದಿದೆ.

ನಾಲ್ಕೂ ಕಡೆಯಿಂದ ಕಲ್ಲಿನ ಮೆಟ್ಟಿಲು ನೀರಿಗಿಳಿಯುತ್ತವೆ. ನೀರಿನ ನಟ್ಟನಡುವೆ ವಸಂತ ಮಂಟಪ, ಅಂತಸ್ತಿನ ಮೇಲೆ ಅಂತಸ್ತು. ಗುಡಿಯ ಮಂಟಪವೇನೋ ಸರಿ, ಆದರೆ ಕಮಾನು ನೋಡಿದರೆ ಬಿಜಾಪುರದ ನೆನಪು. ಕಟ್ಟಿದ ಕೈಗಳಿಗೆ ಆ ಭೇದ ಅಷ್ಟಾಗಿ ಕಾಡಿರಲಿಲ್ಲವೇನೋ. ದಡದಲ್ಲಿ ಎಂಟು ಪುಟ್ಟ ಮಂಟಪಗಳಿದ್ದವಂತೆ, ಈಗ ಆರು.

17ನೇ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಇತ್ತ ದಂಡೆತ್ತಿ ಬಂದ, 1638ರಲ್ಲಿ ಬೆಂಗಳೂರನ್ನು ಗೆದ್ದವನೂ ಅವನೇ. ಗುಡಿ ಬಿತ್ತು, ಆ ಜಾಗದಲ್ಲಿ ಮಸೀದಿ ಎದ್ದಿತು. ನಾಯಕ ಸೇಡು ತೀರಿಸಿಕೊಂಡ, ಆಮೇಲೆ ಅಲ್ಲಿ ನಮಾಜು ನಡೆಯಲೇ ಇಲ್ಲ ಎನ್ನುವುದು ಊರ ಮಾತು. ನಾಯಕನ ವಂಶ ತರೀಕೆರೆಗೆ ಸರಿಯಿತು. ದೇವರ ಮನೆಯೂ ಆಗದೆ ಉಳಿದ ಆ ಕಟ್ಟಡಕ್ಕೆ ಜನ ಇಟ್ಟ ಹೆಸರು ಮುಸಾಫಿರ್‌ಖಾನಾ, ದಾರಿಹೋಕರ ತಂಗುಮನೆ. ಹೆಸರಿಡುವುದರಲ್ಲಿ ನಮ್ಮ ಊರವರು ಜಾಣರು.

ನಾನು ಹೋದಾಗ ಬಿಸಿಲು ಏರಿತ್ತು. ಒಂದು ಕೊಕ್ಕರೆ ಮಂಟಪದ ಜಗಲಿಯ ಮೇಲೆ ಒಂಟಿಕಾಲಲ್ಲಿ ನಿಂತಿತ್ತು. ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟೆನೋ ಇಲ್ಲವೋ, ಹಿಂದಿನಿಂದ ಕಾವಲುಗಾರರ ದನಿ:

‘ಸಾರ್, ಅಲ್ಲಿ ಪಾಚಿ ಐತೆ. ಜಾರ್ತದೆ, ಮೇಲೆ ಬರ್ರಿ.’