ಪರಿಚಯ ಇರಲಿ, ಗೆರೆಯೂ ಇರಲಿ



ಉದ್ಯೋಗ, ವ್ಯವಹಾರದಲ್ಲಿ ಪರಿಚಯ ಬೆಳೆಸಿಕೊಳ್ಳುವ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿದ್ದೀರಿ. ಪುಣೆಯ ಒಂದು ಐಟಿ ಕಂಪನಿಯಲ್ಲಿರುವ ನನಗೆ ಆಗಾಗ ಇಂಥ ಮೆಸೇಜ್ ಬರುತ್ತದೆ: "ಮೇಡಂ, ನಾವೂ ಕನ್ನಡದವರೇ. ರೆಸ್ಯೂಮೆ ಕಳಿಸಿದ್ದೇನೆ, ರೆಫರ್ ಮಾಡಿ."

ಕೇಳುವುದರಲ್ಲಿ ತಪ್ಪಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ 1973ರಲ್ಲಿ ಈ ಕುರಿತು ಒಂದು ಪ್ರಬಂಧ ಬರೆದರು. ಪರಿಚಯದಿಂದ ಕೆಲಸ ಪಡೆದವರನ್ನು ಅವರು ವಿಚಾರಿಸಿದಾಗ, ಸುದ್ದಿ ಕೊಟ್ಟವರಲ್ಲಿ ಹೆಚ್ಚಿನವರು ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಿತರು ಎಂದು ತಿಳಿಯಿತು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಹೊರಗಿನಿಂದ. ಊರು ಬಿಟ್ಟು ಬಂದ ನಮಗೆ ಸಂಘವೂ ಅಂಥ ಪರಿಚಯಗಳ ಜಾಗ.

ಆದರೆ ರೆಫರ್ ಮಾಡುವುದೆಂದರೆ ನಮ್ಮ ಹೆಸರನ್ನು ಸಾಲ ಕೊಟ್ಟ ಹಾಗೆ. ಅದಕ್ಕೇ ನಾನು ಮೊದಲೇ ಹೇಳಿಬಿಡುತ್ತೇನೆ. ರೆಸ್ಯೂಮೆಯನ್ನು ಪೋರ್ಟಲ್‌ಗೆ ಹಾಕುತ್ತೇನೆ. ಪರಿಚಯ ಹೇಗೆ ಎಂದು ಕೇಳಿದರೆ ಇದ್ದದ್ದನ್ನೇ ಬರೆಯುತ್ತೇನೆ. ಜೊತೆಯಲ್ಲಿ ಕೆಲಸ ಮಾಡದವರ ಕೆಲಸವನ್ನು ಹೊಗಳುವುದಿಲ್ಲ. ಇಂಟರ್‌ವ್ಯೂ ಪ್ರಶ್ನೆ, ಕ್ಲೈಂಟ್ ವಿವರ ಕೊಡುವುದಿಲ್ಲ.

ಪರಿಚಿತರೊಬ್ಬರ ಮಗಳು ನಮ್ಮಲ್ಲಿ ಅರ್ಜಿ ಹಾಕಿದ್ದಳು. "ಏನು ಕೇಳ್ತಾರೆ ಅಂತ ಸ್ವಲ್ಪ ಹೇಳಮ್ಮಾ, ನಮ್ಮ ಹುಡುಗಿ ಅಲ್ವಾ" ಎಂದರು ತಾಯಿ. "ಆಂಟಿ, ಅದೊಂದು ಆಗಲ್ಲ. ಭಾನುವಾರ ಮನೆಗೆ ಕಳಿಸಿ, ಡೇಟಾ ಸ್ಟ್ರಕ್ಚರ್, ಎಸ್‌ಕ್ಯೂಎಲ್ ಎಲ್ಲಾ ಅಭ್ಯಾಸ ಮಾಡಿಸ್ತೀನಿ" ಎಂದೆ. ಹುಡುಗಿ ಮೂರು ಭಾನುವಾರ ಬಂದಳು. ಆ ಕೆಲಸ ಸಿಗಲಿಲ್ಲ. ತಾಯಿ ಈಗಲೂ ನನ್ನ ಜೊತೆ ಅಷ್ಟಕ್ಕಷ್ಟೇ. ಹುಡುಗಿ ಮಾತ್ರ ಬೇರೆ ಕಂಪನಿ ಸೇರಿದ ಮೇಲೂ ಸಲಹೆಗೆ ನನಗೇ ಫೋನ್ ಮಾಡುತ್ತಾಳೆ.

ನಮ್ಮಲ್ಲಿ ಸೀರೆ ವ್ಯಾಪಾರ, ಅಡುಗೆ ಆರ್ಡರ್, ಟ್ಯೂಷನ್ ನಡೆಸುವವರಿದ್ದೀರಿ. "ನಮ್ಮವರೇ ತಾನೇ" ಎಂದು ದರ ಹೇಳದೆ ಆರ್ಡರ್ ಹಿಡಿಯಬೇಡಿ. ದರ, ಮುಂಗಡ, ಕೊಡುವ ದಿನವನ್ನು ವಾಟ್ಸ್‌ಆಪ್‌ನಲ್ಲಿ ಬರೆದು ಕಳಿಸಿ. ಬಾಕಿ ಕೇಳುವಾಗಿನ ಮುಜುಗರ ತಪ್ಪುತ್ತದೆ, ಸ್ನೇಹವೂ ಉಳಿಯುತ್ತದೆ. ಹಾಗೆಯೇ ಒಬ್ಬರ ನಂಬರ್ ಇನ್ನೊಬ್ಬರಿಗೆ ಕೊಡುವ ಮೊದಲು ಅವರನ್ನು ಕೇಳಿ.

ಕೆಲಸದ ಪರಿಚಯ ರಾತ್ರಿ ಹನ್ನೊಂದರ ಮೆಸೇಜ್ ಆಗತೊಡಗಿದರೆ? ಬೆಳಿಗ್ಗೆ, ಕೆಲಸದ ವಿಷಯಕ್ಕೆ ಮಾತ್ರ ಉತ್ತರಿಸಿ. ಬೇಡವೆಂದರೂ ಅಸಭ್ಯ ಮಾತು ನಿಲ್ಲದಿದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಚೇರಿಯ ಗೋಡೆಗಳಿಗೆ ನಿಲ್ಲುವುದಿಲ್ಲ, ಕೆಲಸದ ನಿಮಿತ್ತ ನಾವು ಹೋದ ಜಾಗಕ್ಕೂ ಅನ್ವಯಿಸುತ್ತದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಸಾಮಾನ್ಯವಾಗಿ 3 ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. "ಪರಿಚಯದವರು, ಹೇಗೆ ಹೇಳೋದು" ಎಂದು ದಿನ ಕಳೆಯಬೇಡಿ.

ಕೊನೆಯದಾಗಿ, ಸಹಾಯ ಕೇಳುವ ಸರದಿ ನಮ್ಮದಾದಾಗ "ಆಗದಿದ್ದರೂ ಪರವಾಗಿಲ್ಲ" ಎಂದು ಸೇರಿಸೋಣ, ಅವರು ಇಲ್ಲವೆಂದರೆ ಬೇಸರಿಸದಿರೋಣ. ನಿಮ್ಮಲ್ಲಿ ಯಾರಿಗಾದರೂ ರೆಸ್ಯೂಮೆ ತೋರಿಸಬೇಕಿದ್ದರೆ ಚಹಾ ವಿರಾಮದಲ್ಲಿ ಸಿಗಿ. ನನ್ನಿಂದ ಆಗುವುದು, ಆಗದಿರುವುದು ಎರಡನ್ನೂ ಹೇಳುತ್ತೇನೆ.